ಬೀಗರ ಓಣಿಯ ನೀಲಿ

ನಮ್ಮೂರಲ್ಲಿ ಬೆಳಗಿನ ಹೊತ್ತು ದೋಣಿಗಳು ಕೆಸರಿನ ಮೇಲೆ ಕೂತಿರುತ್ತವೆ. ಮಧ್ಯಾಹ್ನದ ಊಟ ಮುಗಿದು ತಟ್ಟೆ ತೊಳೆಯುವ ಹೊತ್ತಿಗೆ ಹೊಳೆ ಬರುತ್ತದೆ, ದೀಪ ಹಚ್ಚುವ ಹೊತ್ತಿಗೆ ಹೋಗುತ್ತದೆ. ನಿನ್ನೆ ಬಂದ ಓಣಿಯಲ್ಲೇ ಇವತ್ತೂ ಬರುತ್ತದೆ ಎನ್ನುವಂತಿಲ್ಲ. ಅದಕ್ಕೇ ನಮ್ಮ ಮನೆಗಳಿಗೆಲ್ಲ ಎರಡೆರಡು ಬಾಗಿಲು, ಅಕ್ಕಿ ಬೇಳೆ ಎಲ್ಲ ಅಟ್ಟದ ಮೇಲೆ, ಓಡಾಟವೆಲ್ಲ ಕಾಂಪೌಂಡ್ ಗೋಡೆಗಳ ಮೇಲೆ ಹಾಸಿದ ಹಲಗೆಯ ಮೇಲೆ. ಹೊರಗಿನಿಂದ ಬಂದವರು ಅಯ್ಯೋ ಪಾಪ ಅನ್ನುತ್ತಾರೆ. ಅನ್ನಲಿ ಬಿಡಿ. ಬಿಸಿಲಲ್ಲಿ ಬಸ್ಸಿಗೆ ಕಾಯುವವರನ್ನು ನೋಡಿದಾಗ ನಾವೂ ಹಾಗೇ ಅನ್ನುತ್ತೇವೆ.

ಹೊಳೆ ಬರುವ ಮುಂಚೆ ಅದು ಎಲ್ಲಿ ಹೇಗೆ ಹರಿಯುತ್ತದೆ ಎಂದು ನಾವು ಲೆಕ್ಕ ಹಾಕಿಕೊಳ್ಳುತ್ತೇವೆ. ಪ್ರತಿ ಮನೆಯಲ್ಲೂ ಒಂದು ಕಂಪ್ಯೂಟರ್ ಇದೆ, ಆ ಮನೆಯ ಮುಂದಿನ ಹಿಂದಿನ ನೀರು ಆ ಮನೆಯ ಪಾಲು. ಇಡೀ ಹೊಳೆಯ ಲೆಕ್ಕ ಯಾರೊಬ್ಬರ ಮನೆಯಲ್ಲೂ ಹಿಡಿಯುವುದಿಲ್ಲ. ಹಿಂದೊಮ್ಮೆ ಊರಿನ ದೊಡ್ಡವರು ದೊಡ್ಡದೊಂದು ಯಂತ್ರ ತಂದು ಎಲ್ಲರ ಲೆಕ್ಕವನ್ನೂ ಅದಕ್ಕೇ ತುಂಬಿಸಲು ಹೊರಟಿದ್ದರು. ಅರ್ಧ ಊರಿನದು ಬಂದು ಸೇರುವಷ್ಟರಲ್ಲಿ ಹೊಳೆ ಬಂದು, ಹರಿದು, ಹೋಗಿಯೂ ಆಗಿತ್ತು. ಅವತ್ತಿನಿಂದ ಲೆಕ್ಕ ಅವರವರ ಮನೆಯಲ್ಲೇ ಇರುತ್ತದೆ, ಚಿತ್ರದ ತುಣುಕು ಮಾತ್ರ ಚಾವಡಿಗೆ ಬರುತ್ತದೆ. ಆ ತುಣುಕುಗಳನ್ನೆಲ್ಲ ಸೇರಿಸಿ ಚಾವಡಿಯ ಬಿಳಿ ಗೋಡೆಯ ಮೇಲೆ ಇಡೀ ಹೊಳೆಯನ್ನು ತೋರಿಸುವವಳು ನಾನು. ನಿಧಾನದ ನೀರು ನೀಲಿ, ಜೋರಿನ ನೀರು ಕೆಂಪು, ನಡುವಿನದು ಹಳದಿ. ಗೋಡೆ ನೋಡದೆ ನಮ್ಮೂರಲ್ಲಿ ಯಾರೂ ದೋಣಿ ಬಿಚ್ಚುವುದಿಲ್ಲ.

ಇದರಲ್ಲಿ ಒಂದು ಪದ್ಧತಿ ಇದೆ, ಅದು ಗೊತ್ತಾಗದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಮನೆಯ ನೀರು ಪಕ್ಕದ ಮನೆಗೆ ಹರಿಯಲೇಬೇಕಲ್ಲ. ಹಾಗಾಗಿ ಬೆಳಿಗ್ಗೆ ಲೆಕ್ಕ ಶುರುವಾದಾಗ ಪ್ರತಿ ಮನೆಯವರೂ ತಮ್ಮ ಗಡಿಯ ನೀರಿನ ಲೆಕ್ಕವನ್ನು ಪಕ್ಕದವರಿಗೆ ಕೊಡಬೇಕು, ಅವರದನ್ನು ಇಸಿದುಕೊಳ್ಳಬೇಕು. ಇದಕ್ಕೆ ಅಂಚು ಕೊಡುವುದು ಅನ್ನುತ್ತೇವೆ. ಕೋರ್ಟು ಕಚೇರಿ ಹತ್ತಿದ ದಾಯಾದಿಗಳೂ ಮಾತು ಬಿಟ್ಟಾರು, ಅಂಚು ಕೊಡುವುದನ್ನು ಬಿಡುವುದಿಲ್ಲ. ಆದರೆ ಅಂಚಿನಿಂದ ಒಳಗಿನ ಲೆಕ್ಕ ಕೇಳುವಂತಿಲ್ಲ. ಅದು ಇನ್ನೊಬ್ಬರ ಮನೆಯ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದ ಹಾಗೆ.

ಎರಡು ಮನೆಯ ಅಂಚು ಯಾವತ್ತೂ ಸರಿಯಾಗಿ ಕೂಡುವುದಿಲ್ಲ. ಇವರು ಸ್ವಲ್ಪ ಜೋರು ಅಂದರೆ ಅವರು ಸ್ವಲ್ಪ ನಿಧಾನ ಅನ್ನುತ್ತಾರೆ. ಅದರಿಂದ ಗೋಡೆಯ ಮೇಲೆ ಮನೆಮನೆಗಳ ನಡುವೆ ತೆಳ್ಳಗೆ ಒಂದು ಗೆರೆ ಕಾಣುತ್ತದೆ. ನನ್ನ ಮಗಳು ದಾಕ್ಷಾಯಣಿಯ ಮದುವೆ ಎದುರು ಮನೆಯ ಪಂಚಾಕ್ಷರಿಯ ಜೊತೆ ಆದಮೇಲೆ, ನಮ್ಮ ಮನೆಗೂ ಬೀಗರ ಮನೆಗೂ ನಡುವಿನ ಗೆರೆ ಅಳಿಸಿಹೋಯಿತು. ಊರಿನವರು ಗೋಡೆ ನೋಡಿ ಮೆಚ್ಚಿ ತಲೆದೂಗಿದರು. ನಡುವಿನ ಓಣಿಗೆ ಬೀಗರ ಓಣಿ ಎಂದೇ ಹೆಸರಿಟ್ಟರು. ನನಗೂ ಹೆಮ್ಮೆಯೋ ಹೆಮ್ಮೆ. ಸಂಬಂಧ ಅಂದರೆ ಹೀಗಿರಬೇಕು ನೋಡಿ ಎಂದು ನಾಲ್ಕು ಜನರ ಮುಂದೆ ಬೀಗುತ್ತಿದ್ದೆ.

ದಾಕ್ಷಿಯದು ಚೊಚ್ಚಲ ಹೆರಿಗೆ, ತವರಿಗೆ ಕರೆತಂದಿದ್ದೆವು. ಆ ದಿನ ಬೆಳಿಗ್ಗೆಯೇ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ಮಗು ಅಡ್ಡ ಮಲಗಿದೆ, ಇದು ನನ್ನ ಕೈಯಲ್ಲಿ ಆಗುವುದಲ್ಲ, ಆಪರೇಷನ್ನೇ ಆಗಬೇಕು, ಹೊತ್ತು ಮುಳುಗುವವರೆಗೆ ಕಾಯಬೇಡಿ ಅಂದಳು. ಆಸ್ಪತ್ರೆ ಇರುವುದು ಊರಾಚೆಯ ದಿಬ್ಬದ ಮೇಲೆ. ಹೊಳೆ ಇಲ್ಲದ ಹೊತ್ತು ಓಣಿಗಳಲ್ಲಿ ಮೊಣಕಾಲು ಮುಳುಗುವ ಕೆಸರು, ಮಂಚ ಹೊತ್ತು ಹೋಗಲು ಆಗುವುದಿಲ್ಲ. ನೀರು ಬಂದ ಕೂಡಲೇ ದೋಣಿಯಲ್ಲಿ ಹೋಗಬೇಕು, ಬೇರೆ ದಾರಿಯೇ ಇಲ್ಲ. ಅಳಿಯ ತಮ್ಮ ಮನೆಯ ದೋಣಿಯನ್ನು ಎದುರಿನಿಂದ ಕೆಸರಿನ ಮೇಲೆ ಎಳೆದು ತಂದು ನಮ್ಮ ಮೂಲೆಯ ಬಾಗಿಲಲ್ಲಿ ನಿಲ್ಲಿಸಿ ಅದರಲ್ಲಿ ಹಾಸಿಗೆ ಹಾಸಿದ. ಬೀಗರ ಓಣಿ ನೇರ ದಿಬ್ಬಕ್ಕೇ ಹೋಗುತ್ತದೆ. ಅದೇ ಮೂಲೆಯಿಂದ ಒಡೆಯುವ ಅಕ್ಕಸಾಲಿಗರ ಓಣಿಯಲ್ಲಿ ಸುತ್ತಿ ಹೋಗಲೂಬಹುದು, ಅದು ದೂರ.

ಮಗಳ ತಲೆ ಸವರಿ ನಾನು ಚಾವಡಿಗೆ ಹೋದೆ. ಇಂಥ ದಿನ ಗೋಡೆಯನ್ನು ಬೇರೆಯವರ ಕೈಗೆ ಕೊಡುವ ಹೆಂಗಸು ನಾನಲ್ಲ.

ತುಣುಕುಗಳು ಒಂದೊಂದಾಗಿ ಬಂದು ಕೂತವು. ಬೀಗರ ಓಣಿ ತಿಳಿನೀಲಿ. ಉಸಿರು ಬಿಟ್ಟೆ. ಅಳಿಯನಿಗೆ ಫೋನ್ ಮಾಡಿ, ಓಣಿ ತೊಟ್ಟಿಲಿನ ಹಾಗಿದೆಯಪ್ಪ, ನೇರ ಹೋಗು ಎಂದು ಹೇಳಿಯೂ ಬಿಟ್ಟೆ. ಆಮೇಲೆ, ಸುಮ್ಮನೆ ಕೂರಲಾಗದೆ, ನೀರು ಯಾವ ಕಡೆ ಹೋಗುತ್ತದೆ ಎಂದು ತೋರಿಸುವ ಬಾಣದ ಗುರುತುಗಳನ್ನು ಹಾಕಿ ನೋಡಿದೆ. ನಮ್ಮ ಮನೆಯ ಹಿತ್ತಿಲ ಕಡೆ ನೀರು ಕೆಂಪಗೆ ದಿಬ್ಬದತ್ತ ಓಡುತ್ತಿತ್ತು. ಬೀಗರ ಮನೆಯ ಹಿತ್ತಿಲ ಕಡೆ ಅಷ್ಟೇ ಕೆಂಪಗೆ ಸಂತೆಯತ್ತ, ಅಂದರೆ ತಿರುಗುಮುರುಗಾಗಿ, ಓಡುತ್ತಿತ್ತು. ಎರಡರ ನಡುವಿನ ಓಣಿಯಲ್ಲಿ ಮಾತ್ರ ನೀರು ನಿಂತೇ ಇತ್ತು, ಒಂದು ಬಾಣವೂ ಅಲುಗುತ್ತಿರಲಿಲ್ಲ.

ದೇವರ ದೀಪಕ್ಕೆ ಬತ್ತಿ ಹೊಸೆಯುವಾಗ ಒಂದು ಅಂಗೈ ಮುಂದೆ ಹೋಗುತ್ತದೆ, ಇನ್ನೊಂದು ಹಿಂದೆ ಬರುತ್ತದೆ. ನಡುವಿನ ಹತ್ತಿ ಸುಮ್ಮನೆ ಕೂತಿರುತ್ತದೆಯೇ? ಗಿರಗಿರನೆ ತಿರುಗುತ್ತದೆ. ಆ ಓಣಿಯಲ್ಲಿ ಇರಬೇಕಾದದ್ದು ಸುಳಿ. ಅದು ಗೋಡೆಯ ಮೇಲೆ ಇರಲಿಲ್ಲ, ಗೆರೆಯೂ ಇರಲಿಲ್ಲ.

ನಮ್ಮ ಮನೆಯ ಲೆಕ್ಕ ನೋಡಿಕೊಳ್ಳುವವರು ನನ್ನ ಗಂಡ ಕೊಟ್ರಪ್ಪ. ಫೋನ್ ಮಾಡಿ, ಇವತ್ತು ಅಂಚನ್ನು ಮುಟ್ಟಿ ತಿದ್ದಿದಿರಾ ಎಂದು ಕೇಳಿದೆ. ಇಲ್ಲ ಅಂದರು. ಮತ್ತೆ ಕೇಳಿದೆ. ನನ್ನ ಜೊತೆ ಇಷ್ಟು ವರ್ಷ ಬಾಳಿದವರು, ಮೂರನೇ ಸಲ ಕೇಳಿಸಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ.

"ಸ್ವಲ್ಪ ಇಳಿಸೀನಿ. ಅವರು ಸಂತಿ ಕಡೆ ಅಂತಾರ, ನಾವು ದಿಬ್ಬದ ಕಡೆ ಅಂತೀವಿ. ಬೀಗರಿಗೆ ನೀವು ಹೇಳೋದು ತಪ್ಪು ಅನ್ನಾಕ ಆಗ್ತದೇನು? ಮಗಳನ್ನ ಕೊಟ್ಟೀವಿ."

"ಎಂದಿನಿಂದ ಹಿಂಗ ಮಾಡಾಕತ್ತೀರಿ?"

"ಮದುವಿ ಆದಾಗಿನಿಂದ. ಇಷ್ಟು ದಿನ ಫರಕು ಸಣ್ಣದಿತ್ತು, ನಡೀತು."

ಬಾಯಿಗೆ ಬಂದದ್ದೆಲ್ಲ ಅಂದೆ, ಇಲ್ಲಿ ಬರೆಯುವುದು ಬೇಡ. ನಿಜವಾದ ಅಂಚನ್ನು ಈ ಕ್ಷಣ ವಾಪಸು ಹಾಕಿ ಎಂದೆ. ಅವರು, ನಮ್ಮದೊಂದನ್ನೇ ಹಾಕಿದರೆ ಏನು ಬರುತ್ತದೆ, ಬೀಗರದೂ ಬೇಕಲ್ಲ ಅಂದರು. ಅದು ಸರಿಯೇ. ಬೀಗರ ಲೆಕ್ಕ ಬೀಗರ ಮನೆಯಲ್ಲಿತ್ತು. ಅದು ಇದ್ದಲ್ಲಿಗೆ ನಾನೇ ಹೋಗಬೇಕಿತ್ತು. ಹೋಗಬೇಡ, ನಾಳೆ ಹುಡುಗಿ ಆ ಮನೆಯಲ್ಲಿ ಬಾಳಬೇಕು, ನಿನ್ನ ನಾಲಿಗೆ ನನಗೆ ಗೊತ್ತು ಎಂದು ಅವರು ಹೇಳುತ್ತಿರುವಾಗಲೇ ನಾನು ಹಲಗೆಯ ಮೇಲಿದ್ದೆ. ಬಾಳಬೇಕಾದರೆ ಮೊದಲು ಬದುಕಬೇಕು, ನನ್ನನ್ನು ಕೇಳದೆ ಅಳಿಯ ದೋಣಿ ಬಿಡದ ಹಾಗೆ ನೋಡಿಕೊಳ್ಳಿ ಎಂದು ಫೋನಿಗೆ ಕಿರುಚಿ ಓಡಿದೆ.

ಬೀದಿಯ ಕೋಳಿಗಳು ಆಗಲೇ ಒಂದೊಂದಾಗಿ ಮಾಳಿಗೆ ಹತ್ತತೊಡಗಿದ್ದವು. ಅವು ಹತ್ತಿದವು ಅಂದರೆ ಹೊಳೆ ದೂರವಿಲ್ಲ. ಕಾಲು ಜಾರಿ ಒಮ್ಮೆ ಕೆಸರಿಗೆ ಬಿದ್ದೆ, ಸೊಂಟದವರೆಗೆ ಬಳಿದುಕೊಂಡು ಮತ್ತೆ ಹತ್ತಿದೆ. ಆ ಅವತಾರದಲ್ಲೇ ಬೀಗರ ನಡುಮನೆಗೆ ನುಗ್ಗಿದೆ. ಬೀಗರು ಮುರಿಗೆಪ್ಪನವರು ಕುರ್ಚಿಯ ಮೇಲೆ ಕೂತಿದ್ದರು. ಅವರ ಹೆಂಡತಿ ಸರ್ವಮಂಗಳಮ್ಮನೇ ಆ ಮನೆಯ ಲೆಕ್ಕ ನೋಡಿಕೊಳ್ಳುವವರು. ಆಸ್ಪತ್ರೆಗೆ ಒಯ್ಯಲು ಹಳೆಯ ಸೀರೆ ಹರಿದು ಮಗುವಿಗೆ ಬಟ್ಟೆ ಮಾಡುತ್ತಿದ್ದರು. ನನ್ನನ್ನು ಕಂಡು ಇಬ್ಬರೂ ಗಾಬರಿಯಿಂದ ಎದ್ದರು. ದಾಕ್ಷಿಗೇನಾಯಿತು ಎಂದರು.

ಇನ್ನೂ ಏನೂ ಆಗಿಲ್ಲ ಎಂದು, ಓಣಿಯ ನೀಲಿ ಸುಳ್ಳು, ನಿಮ್ಮ ಮನೆಯ ಮುಟ್ಟದ ಅಂಚು ನನಗೆ ಬೇಕು ಎಂದೆ. ಸುತ್ತಿ ಬಳಸಿ ಹೇಳುವ ವ್ಯವಧಾನ ನನಗೆ ಎಂದೂ ಇಲ್ಲ, ಅವತ್ತಂತೂ ಇರಲೇ ಇಲ್ಲ. ಮುರಿಗೆಪ್ಪನವರ ಮುಖ ಕಪ್ಪಿಟ್ಟಿತು. ಈ ಮನೆಯ ಲೆಕ್ಕವನ್ನು ಅವರ ಅಜ್ಜನ ಕಾಲದಿಂದ ಯಾರೂ ತಪ್ಪು ಅಂದಿಲ್ಲವಂತೆ. ಹೆಣ್ಣು ಕೊಟ್ಟವರು ಒಳಗೆ ಬಂದು ಇಣುಕುವುದನ್ನಂತೂ ಅವರು ಕಂಡಿಲ್ಲವಂತೆ. ಇವತ್ತು ಗೋಡೆಯ ಮೇಲೆ ಎರಡು ಮನೆಯ ನಡುವೆ ಗೆರೆ ಬಂದರೆ ಊರು ಏನು ಅಂದುಕೊಳ್ಳುತ್ತದೆ ಎಂದು ಕೇಳಿದರು. ಸರ್ವಮಂಗಳಮ್ಮನ ಕಡೆ ತಿರುಗಿದೆ. ಅವರ ಕಣ್ಣಲ್ಲಿ ನೀರು ತುಂಬಿತ್ತು, ಅದು ಅವಮಾನದ ನೀರು.

"ನಾನು ಅಂಚು ತಿದ್ದಿದ್ದು ಖರೆ," ಅಂದರು. "ನಿಮ್ಮ ಮಾತು ಮೀರಬಾರದು ಅಂತ ತಿದ್ದೀನಿ. ನಿಮ್ಮ ಮರ್ಯಾದಿಗೆ ಅಂತ ಮಾಡಿದ್ದಕ್ಕ ನೀವು ನಮ್ಮನಿಗೇ ಬಂದು ಸುಳ್ಳು ಅಂತೀರಲ್ಲ ಅಕ್ಕಾರ."

"ನಮ್ಮವರೂ ಅದನ್ನೇ ಮಾಡ್ಯಾರ್ರಿ. ನಿಮ್ಮ ಮರ್ಯಾದಿಗೆ ಅಂತ."

ಅವರು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು.

"ಹಂಗಾರ ಓಣ್ಯಾಗ ಇರೋದು ಯಾರ ನೀರು?"

"ಯಾರದೂ ಅಲ್ಲ," ಅಂದೆ. "ನಾವಿಬ್ಬರೂ ಸೇರಿ ಮಾಡಿದ್ದು."

ಮುರಿಗೆಪ್ಪನವರು ಇನ್ನೂ ಏನೋ ಹೇಳುತ್ತಿದ್ದರು. ಸರ್ವಮಂಗಳಮ್ಮ ಗಂಡನ ಮುಂದೆಯೇ ಹಾದು ಒಳಕೋಣೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತರು, ಪಕ್ಕಕ್ಕೆ ಒಂದು ಸ್ಟೂಲು ಎಳೆದರು. ನಾನು ಕೆಸರು ಮೈಯಲ್ಲೇ ಕೂತೆ. ಬೇರೆಯವರ ಮನೆಯ ಲೆಕ್ಕವನ್ನು ನಾನು ನೋಡಿದ್ದು ಅದೇ ಮೊದಲು. ತಿದ್ದುವ ಮುಂಚಿನದು ಹಾಗೇ ಇತ್ತು. ಓಣಿಯ ಗಡಿಯವರೆಗೂ ನೀರು ಕೆಂಪಗೆ ಸಂತೆಯತ್ತ ನುಗ್ಗುತ್ತಿತ್ತು. ಅವರು ಪ್ರತಿ ಸಲ ನಮ್ಮ ಅಂಚು ನೋಡಿ ತಮ್ಮದನ್ನು ಒಂದು ಹೆಜ್ಜೆ ಇಳಿಸಿದ್ದರು, ಅದನ್ನು ನೋಡಿ ನನ್ನ ಗಂಡ ನಮ್ಮದನ್ನು ಒಂದು ಹೆಜ್ಜೆ ಇಳಿಸಿದ್ದರು. ಹೀಗೆ ಇಳಿಸಿ ಇಳಿಸಿ ಇಬ್ಬರೂ ಸೊನ್ನೆಗೆ ಬಂದು ಕೈ ಮುಗಿದುಕೊಂಡಿದ್ದರು.

ನಿಜವಾದ ಅಂಚು ಹಾಕಿ ಲೆಕ್ಕ ಮತ್ತೆ ಓಡಿಸಿದೆವು. ಚಾವಡಿಯ ಗೋಡೆಯನ್ನು ನಾನು ಯಾರ ಮನೆಯಿಂದಾದರೂ ಜೋಡಿಸಬಹುದು, ಊರವರೆಲ್ಲ ಅದನ್ನು ಮೊಬೈಲಿನಲ್ಲಿ ನೋಡುತ್ತಲೇ ಇರುತ್ತಾರೆ. ಬೀಗರ ಓಣಿ ಬೂದುಬಣ್ಣಕ್ಕೆ ತಿರುಗಿತು. ಬೂದು ಅಂದರೆ ಲೆಕ್ಕ ಇನ್ನೂ ಆಗಿಲ್ಲ ಎಂದರ್ಥ. ನಮ್ಮೆರಡು ಮನೆಯ ಅಂಚು ಬದಲಾದದ್ದರಿಂದ ಅಕ್ಕಪಕ್ಕದ ಮನೆಗಳ ಲೆಕ್ಕವೂ ಕೆಟ್ಟಿತು, ಅವೂ ಬೂದಾದವು. ಅವುಗಳಿಂದ ಅವುಗಳ ಪಕ್ಕದವು. ನೋಡನೋಡುತ್ತ ಅಕ್ಕಸಾಲಿಗರ ಓಣಿಯೂ ಬೂದಾಯಿತು. ಒಂದು ದಾರಿ ಕೆಟ್ಟದ್ದು ಎಂದು ತೋರಿಸಲು ಹೋಗಿ ಇನ್ನೊಂದನ್ನೂ ಕುರುಡು ಮಾಡಿದ್ದೆ.

ಫೋನುಗಳು ಶುರುವಾದವು. ಗೋಡೆ ಯಾಕೆ ಹೋಯಿತು, ಬೀಗರ ನಡುವೆ ಏನಾಯಿತು ಎಂದು ಊರಿಗೆಲ್ಲ ಕುತೂಹಲ. ಯಾವುದನ್ನೂ ಎತ್ತಲಿಲ್ಲ. ಅಳಿಯನದ್ದು ಬಂದಾಗ ಎತ್ತಿದೆ. ನೀರು ಮೂಲೆಯ ಮೆಟ್ಟಿಲಿಗೆ ಬಂದಿದೆ, ದೋಣಿ ಅಲುಗುತ್ತಿದೆ, ದಾಕ್ಷಿಗೆ ಎಚ್ಚರ ತಪ್ಪಿದ ಹಾಗಾಗುತ್ತಿದೆ, ನೀಲಿ ಎಂದಿದ್ದಿರಲ್ಲ, ಬಿಡಲೇ ಎಂದು ಕೇಳಿದ. ಬೀಗರ ಓಣಿಗೆ ಕಾಲಿಡಬೇಡ ಎಂದೆ. ಹಾಗಾದರೆ ಅಕ್ಕಸಾಲಿಗರ ಓಣಿಯಲ್ಲಿ ಹೋಗಲೇ? ಗೊತ್ತಿಲ್ಲ, ತಾಳು ಎಂದೆ. ಎಷ್ಟು ಹೊತ್ತು ತಾಳಲಿ ಎಂದು ಆ ಹುಡುಗ ಅತ್ತುಬಿಟ್ಟ. ಫೋನಿನ ಆಚೆ ಮಗಳು ನರಳುವುದು ಕೇಳಿಸುತ್ತಿತ್ತು. ನಾನು ಹೆತ್ತವಳು, ಅವಳಿಗೆ ತಾಳು ಅನ್ನಬೇಕಾಯಿತು.

ಸ್ಕ್ರೀನಿನ ಮೇಲೆ ನಮ್ಮ ಓಣಿಗೆ ಮೊದಲು ಬಣ್ಣ ಬಂತು. ನಡುವೆ ಒಂದು ಗೆರೆ, ಕೆಂಪಗೆ, ಗಾಯದ ಹಾಗೆ. ಆ ಗೆರೆ ಕ್ಷಣದಲ್ಲೇ ಮುರಿದು, ಸುತ್ತಿಕೊಂಡು, ಬಳೆಯಾಗಿ ತಿರುಗತೊಡಗಿತು. ಓಣಿಯ ಅಗಲಕ್ಕೂ ತುಂಬಿದ ಸುಳಿ. ದೋಣಿ ಅದಕ್ಕೆ ಸಿಕ್ಕರೆ ಇಬ್ಬರೂ ಸಿಗುವುದಿಲ್ಲ, ಅಲ್ಲ, ಮೂವರೂ ಸಿಗುವುದಿಲ್ಲ. ಸರ್ವಮಂಗಳಮ್ಮ ನನ್ನ ಮೊಣಕೈ ಹಿಡಿದುಕೊಂಡರು, ಉಗುರು ನಾಟುವಷ್ಟು ಬಿಗಿಯಾಗಿ. ಅಕ್ಕಸಾಲಿಗರ ಓಣಿ ಇನ್ನೂ ಬೂದು.

ಅಲ್ಲಿಯ ಮನೆಗಳು ಒಂದೊಂದಾಗಿ ಮುಗಿಸುತ್ತಿದ್ದವು. ಮೊದಲ ಮನೆ ಹಳದಿ. ಎರಡನೆಯದೂ ಹಳದಿ. ಅದರಾಚೆ, ತಿರುವಿನ ಮನೆಯದು ಬರಲೇ ಇಲ್ಲ. ಸರ್ವಮಂಗಳಮ್ಮ ಆ ಮನೆಗೆ ಫೋನ್ ಮಾಡಿದರು. ಅವರು ಗೋಡೆಯ ಮೇಲೆ ಬೀಗರ ಜಗಳ ನೋಡುತ್ತ ಕೂತು, ತಮ್ಮ ಲೆಕ್ಕ ಮತ್ತೆ ಓಡಿಸಬೇಕು ಎನ್ನುವುದನ್ನೇ ಮರೆತಿದ್ದರಂತೆ. ಆ ಸಾಧ್ವಿ ಸರ್ವಮಂಗಳಮ್ಮನ ಬಾಯಿಂದ ಅಂಥ ಬೈಗುಳ ಬರುತ್ತದೆ ಎಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಕುರ್ಚಿಯಿಂದ ಎದ್ದುಬಂದ ಮುರಿಗೆಪ್ಪನವರು ಬಾಗಿಲಲ್ಲೇ ನಿಂತುಬಿಟ್ಟರು.

ತಿರುವಿನ ಮನೆಯೂ ಹಳದಿ ಬಂತು. ಅಲ್ಲಲ್ಲಿ ಕೆಂಪು ಚುಕ್ಕೆ ಇತ್ತು, ಆದರೂ ಹಳದಿ. ನಾನು ಫೋನಿನಲ್ಲಿ ಒಂದೇ ಮಾತು ಹೇಳಿದೆ.

"ಪಂಚಾಕ್ಷರಿ, ಅಕ್ಕಸಾಲಿಗರ ಓಣಿ. ಎಡಗಡೆ ಗೋಡಿ ಹಿಡ್ಕೊಂಡು ಹೋಗು. ಬಿಡು."

ಅವನು ಬಿಟ್ಟ. ಅದಾದ ಮೇಲೆ ಫೋನ್ ಕಟ್ಟಾಯಿತು.

ಸ್ವಲ್ಪ ಹೊತ್ತಿಗೆ ಹೊಳೆ ಬೀಗರ ಓಣಿಗೆ ಎರಡೂ ಕಡೆಯಿಂದ ನುಗ್ಗಿತು. ನಾವು ಮೂವರೂ ಮಾಳಿಗೆ ಹತ್ತಿ ನೋಡಿದೆವು. ಎದುರು ಮಾಳಿಗೆಯ ಮೇಲೆ ನನ್ನ ಗಂಡ ಒಬ್ಬರೇ ನಿಂತಿದ್ದರು. ಕೆಳಗೆ ನೀರು ದೊಡ್ಡ ಬಾಯಿ ತೆರೆದು ತಿರುಗುತ್ತಿತ್ತು. ಬೀಗರ ಜಗಲಿಯ ಕಟ್ಟೆ ಒಂದು ಕಡೆಯಿಂದ ಕಿತ್ತುಕೊಂಡು ಹೋಯಿತು, ನಮ್ಮ ಕಾಂಪೌಂಡಿನ ಮೂಲೆಯೂ ಹೋಯಿತು. ಯಾರದ್ದೋ ಖಾಲಿ ಡ್ರಮ್ಮು ತೇಲಿಬಂದು ಸುಳಿಯ ಬಾಯಿಗೆ ಬಿದ್ದದ್ದು ಮತ್ತೆ ಮೇಲೆ ಬರಲೇ ಇಲ್ಲ. ಮುರಿಗೆಪ್ಪನವರು ಅದನ್ನು ನೋಡಿದರು. ಮೆಟ್ಟಿಲಿಳಿದು ಹೋದರು.

ಆ ಮಧ್ಯಾಹ್ನ ಮುಗಿಯುವುದೇ ಇಲ್ಲ ಎನಿಸಿತು. ಗೋಡೆಯ ಮೇಲೆ ನೀರು ಕಾಣುತ್ತದೆ, ದೋಣಿ ಕಾಣುವುದಿಲ್ಲ. ಅಕ್ಕಸಾಲಿಗರ ಓಣಿಯ ಹಳದಿಯನ್ನೇ ನೋಡುತ್ತ, ಅದು ಕೆಂಪಾಗದಿರಲಿ ಎಂದು ನಾನೂ ಸರ್ವಮಂಗಳಮ್ಮನೂ ಒಬ್ಬರ ಪಕ್ಕ ಒಬ್ಬರು ಕೂತಿದ್ದೆವು. ಫೋನ್ ಹತ್ತುತ್ತಿರಲಿಲ್ಲ. ಒಮ್ಮೆ ಅವರು ನೀರು ತಂದುಕೊಟ್ಟರು, ನಾನು ಕುಡಿದೆ, ಅಷ್ಟೇ.

ಹೊಳೆ ಇಳಿದ ಕೂಡಲೇ ಹಲಗೆಗಳ ಮೇಲೆ ಹೊರಟೆವು. ಹಲಗೆ ಕಿತ್ತುಹೋದ ಕಡೆ ಕೆಸರಿಗೆ ಇಳಿದು, ಒಬ್ಬರನ್ನೊಬ್ಬರು ಎಳೆದುಕೊಂಡು ನಡೆದೆವು. ಹಿಂದೆ ಗಂಡಸರಿಬ್ಬರೂ ಬರುತ್ತಿದ್ದರು. ದಿಬ್ಬದ ಕೆಳಗೆ ಬೀಗರ ದೋಣಿ ಕಾಣಿಸಿತು. ಒಂದು ಮಗ್ಗುಲು ಜಜ್ಜಿಹೋಗಿತ್ತು, ಒಳಗೆ ಯಾರೂ ಇರಲಿಲ್ಲ, ಹಾಸಿಗೆ ಒದ್ದೆಯಾಗಿತ್ತು. ನಾನು ಆ ಒದ್ದೆ ಹಾಸಿಗೆಯನ್ನು ತಡವುತ್ತ ಅಲ್ಲೇ ಕೂತೆ. ಸರ್ವಮಂಗಳಮ್ಮ ರಟ್ಟೆ ಹಿಡಿದು ಎಬ್ಬಿಸಿ ದಿಬ್ಬ ಹತ್ತಿಸಿದರು.

ಅಳಿಯ ಆಸ್ಪತ್ರೆಯ ಬಾಗಿಲಲ್ಲೇ ಕೂತಿದ್ದ. ಸುಲಿದ ಅಂಗೈಗೆ ಬ್ಯಾಂಡೇಜ್ ಸುತ್ತಿದ್ದರು. ನಮ್ಮನ್ನು ನೋಡಿ ನಕ್ಕ, ಆ ನಗೆ ಕಂಡಮೇಲೆಯೇ ನನಗೆ ಉಸಿರು ಬಂದದ್ದು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಅಂದ. ನಾನು ಅಲ್ಲೇ ಗೋಡೆಗೆ ಒರಗಿ ಗೊಳೋ ಎಂದು ಅತ್ತೆ. ನರ್ಸು ಗದರುವವರೆಗೂ ಅತ್ತೆ.

ಮಗುವನ್ನು ಮೊದಲು ಗಂಡಿನ ಕಡೆಯ ಅಜ್ಜಿಯ ಕೈಗೆ ಕೊಡುವುದು ವಾಡಿಕೆ, ಅವರಿಗೇ ಕೊಟ್ಟರು. ದಾಕ್ಷಿ ಮಂಚದ ಮೇಲೆ ಮಲಗಿ, ಸುಸ್ತಾದ ಕಣ್ಣಿನಿಂದ ನನ್ನನ್ನೂ ಅವರನ್ನೂ ನೋಡುತ್ತಿದ್ದಳು. ಗೋಡೆಯ ಮೇಲೆ ನಡೆದದ್ದು ಅವಳಿಗೆ ಆಗಲೇ ಗೊತ್ತಾಗಿತ್ತು, ಊರಿಗೆಲ್ಲ ಗೊತ್ತಾಗಿತ್ತು. ಮುರಿಗೆಪ್ಪನವರು ಒಳಗೆ ಬಂದಿರಲಿಲ್ಲ. ಸರ್ವಮಂಗಳಮ್ಮ ಮಗುವಿನ ಮುಖವನ್ನು ಬಹಳ ಹೊತ್ತು ನೋಡಿದರು.

"ಮೂಗು ನಮ್ಮ ಮನೀದು," ಅಂದರು.

ಹಿಂದಾಗಿದ್ದರೆ ನಾನು, ಹೌದ್ರಿ ಹೌದ್ರಿ, ನಿಮ್ಮದೇ ಪಡಿಯಚ್ಚು ಅನ್ನುತ್ತಿದ್ದೆ. ಬಗ್ಗಿ ಮಗುವನ್ನು ಸರಿಯಾಗಿ ನೋಡಿದೆ.

"ಅಲ್ರಿ. ಮೂಗು ನಮ್ಮದು."

ನನ್ನ ಗಂಡ ಹಿಂದಿನಿಂದ ನನ್ನ ಸೆರಗು ಜಗ್ಗಿದರು. ಸರ್ವಮಂಗಳಮ್ಮ ನನ್ನನ್ನು ದುರುಗುಟ್ಟಿ ನೋಡಿ, ಮಗುವನ್ನು ದೀಪದ ಬೆಳಕಿಗೆ ಹಿಡಿದರು. ಬನ್ನಿ ಇಲ್ಲಿ, ಸರಿಯಾಗಿ ನೋಡಿ ಹೇಳಿ ಎಂದು ನನ್ನ ಕೈ ಹಿಡಿದು ಎಳೆದರು. ನಾನು ಹೋದೆ. ಇಬ್ಬರೂ ದೀಪದ ಕೆಳಗೆ ಮಗುವಿನ ಮುಖದ ಮೇಲೆ ಬಗ್ಗಿ, ಕೆಸರು ಬಳಿದ ಸೀರೆಯಲ್ಲೇ, ನರ್ಸು ಬಂದು ಮತ್ತೆ ಗದರುವವರೆಗೆ ಜಗಳವಾಡಿದೆವು.